ಕಾದು ನೋಡಿದ ವ್ಯಾಪಾರಿ

"ಗುರುಗಳೇ, ಆಟದ ಹಂಗಾಮು ಈಗಷ್ಟೇ ಶುರುವಾಗಿದೆ. ಇಷ್ಟು ಬೇಗ ಒಬ್ಬ ಆಟಗಾರನ ಬೆಲೆ ಹೇಳಬಹುದೇ?"

ಕೇಳಿದವನು ಪಶುಪತಿ. ಊರಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಚೆಂಡನ್ನು ಮುಂದಕ್ಕೆ ತಂದು ಉಳಿದವರಿಗೆ ಹಂಚುವವನು ಅವನೇ. ಸಂಬಳಕ್ಕೆ ಆಡುವವರ ತಂಡ ಅದು. ಕೇಳಿಸಿಕೊಂಡವರು ಬೋರಲಿಂಗಯ್ಯನವರು. ಆ ಊರಿನಲ್ಲಿ ಚೆಂಡು ಹಿಡಿಯಲು ಕಲಿತವರೆಲ್ಲ ಅವರಿಂದಲೇ ಕಲಿತವರು. ಈಗ ಅವರ ಮೊಣಕಾಲು ಬಗ್ಗುವುದಿಲ್ಲ. ಅಂಕಣದ ಅಂಚಿನ ಕಲ್ಲುಬೆಂಚಿನ ಮೇಲೆ ಕೂತು, ಆಡುವವರನ್ನು ನೋಡುತ್ತಾರೆ. ಕೇಳಿದರೆ ಮಾತ್ರ ಹೇಳುತ್ತಾರೆ.

"ಯಾರ ಬೆಲೆ?" ಎಂದರು.

"ಸಿದ್ರಾಮನದು. ಬೀದರ್ ಕಡೆಯಿಂದ ಈ ವರ್ಷ ಬಂದನಲ್ಲ, ಆ ಎತ್ತರದ ಹುಡುಗ. ಮೊದಲ ಪಂದ್ಯಗಳಲ್ಲಿ ಕೈಗೆ ಬಂದದ್ದನ್ನೆಲ್ಲ ಹಾಳು ಮಾಡಿದ. ಟೀ ಅಂಗಡಿಯಲ್ಲಿ ದಿನವೂ ಅದೇ ಜಗಳ. ಅರ್ಧ ಜನ ಅವನನ್ನು ಕಳಿಸಿಬಿಡಿ ಅನ್ನುತ್ತಾರೆ, ಅರ್ಧ ಜನ ಅವನು ಚಿನ್ನ ಅನ್ನುತ್ತಾರೆ. ನಾಳೆ ಸಮಿತಿ ಸೇರುತ್ತದೆ. ನನ್ನ ಅಭಿಪ್ರಾಯ ಕೇಳಿದ್ದಾರೆ. ಇಲ್ಲಿಂದ ಕಳಿಸಿದರೆ ಅವನು ಎಲ್ಲಿಗೆ ಹೋಗುತ್ತಾನೋ ಗೊತ್ತಿಲ್ಲ. ಆಟ ಬಿಟ್ಟರೆ ಅವನಿಗೆ ಬೇರೆ ಏನೂ ಬರುವುದಿಲ್ಲ."

"ನೀನು ಏನು ಹೇಳಬೇಕೆಂದಿದ್ದೀಯೆ?"

"ಅವಸರ ಬೇಡ, ಹಂಗಾಮು ಪೂರ್ತಿ ಕಾದು ನೋಡೋಣ ಎಂದು."

"ಒಳ್ಳೆಯ ಮಾತು," ಎಂದರು ಗುರುಗಳು. "ಒಬ್ಬ ವ್ಯಾಪಾರಿಯೂ ಇದನ್ನೇ ಹೇಳಿದ್ದ. ಕೂತುಕೋ."

ಪಶುಪತಿ ಕೂತ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ದುಡುಕದ ಮನುಷ್ಯ ಎಂದು ಹೆಸರು ಪಡೆದವನು. ಅಚ್ಚು ಒಡೆದು, ಒಳಗಿನ ಚೂರು ಬಾಯಿಗೆ ಹಾಕಿಕೊಳ್ಳದೆ ಅವನು ಬೆಲ್ಲಕ್ಕೆ ಬೆಲೆ ಹೇಳುತ್ತಿರಲಿಲ್ಲ. ಅವನಿಗೆ ಬಾಸ್ಕೆಟ್‌ಬಾಲ್ ಎಂದರೆ ಹುಚ್ಚು. ತನ್ನದೇ ಒಂದು ತಂಡ ಕಟ್ಟಿ, ಅದನ್ನು ಸಾಕುತ್ತಿದ್ದ.

ಆ ಊರಿನಲ್ಲಿ ಒಂದು ಪದ್ಧತಿ. ಪಂದ್ಯ ಮುಗಿದ ಮೇಲೆ ಯಾರೂ ಮನೆಗೆ ಹೋಗುವುದಿಲ್ಲ. ವ್ಯಾಪಾರಿಯ ಮಂಡಿಯ ಮೆಟ್ಟಿಲ ಮೇಲೆ ಸೇರುತ್ತಾರೆ. ಒಂದು ಮೊರದ ತುಂಬ ಖಾರದ ಮಂಡಕ್ಕಿ ಬರುತ್ತದೆ. ಮೊರ ಖಾಲಿಯಾಗುವವರೆಗೆ ಆಟಗಾರರಿಗೆ ಬೆಲೆ ಕಟ್ಟುತ್ತಾರೆ. ಇವನು ಏರಿದ, ಅವನು ಇಳಿದ, ಇನ್ನೊಬ್ಬ ನಿಂತಲ್ಲೇ ನಿಂತ. ಬೆಲೆ ಕಟ್ಟುವುದರಷ್ಟು ಸುಖ ಬೇರೆ ಯಾವುದರಲ್ಲಿದೆ, ಹೇಳು. ಓಡಬೇಕಾಗಿಲ್ಲ, ಬೆವರಬೇಕಾಗಿಲ್ಲ, ಸೋತರೆ ತಲೆ ತಗ್ಗಿಸಬೇಕಾಗಿಲ್ಲ. ಆಟಗಾರರೂ ಅಲ್ಲೇ ಕೆಳಗಿನ ಮೆಟ್ಟಿಲಲ್ಲಿ ಕೂತು ಹಾಲು ಕುಡಿಯುತ್ತಿದ್ದರು. ಅವರ ಎದುರಿಗೇ ಅವರ ಬೆಲೆ ಕಟ್ಟುವುದು. ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಮುಚ್ಚುಮರೆ ಇಲ್ಲದ್ದೇ ನ್ಯಾಯ ಎಂದು ಆ ಊರಿನವರು ತಿಳಿದಿದ್ದರು.

ಒಂದು ವರ್ಷ ತಂಡಕ್ಕೆ ಹೊಸಬನೊಬ್ಬ ಬಂದ. ತುಂಬ ಎತ್ತರದವನು. ದೂರದ ಊರಿನವನು. ಮೊದಲ ಪಂದ್ಯದಲ್ಲಿ ಬುಟ್ಟಿಯ ಕೆಳಗೇ ನಿಂತು, ಕೈಗೆ ಬಂದ ಚೆಂಡನ್ನು ಮತ್ತೆ ಮತ್ತೆ ತಪ್ಪಿಸಿದ. ಒಮ್ಮೆ ಬೆರಳ ಸಂದಿಯಿಂದಲೇ ಜಾರಿಸಿದ. ಹೊಸ ಊರು, ಹೊಸ ಜನ.

ಆ ಸಂಜೆ ಮೆಟ್ಟಿಲ ಮೇಲೆ ಬೇರೆ ಮಾತೇ ಇಲ್ಲ.

"ಇವನು ಆಟಗಾರನೋ, ಲೈಟು ಕಂಬವೋ?" ಎಂದ ಒಬ್ಬ ವಕೀಲ.

"ಕಂಬ ಬೆಳಕಾದರೂ ಕೊಡುತ್ತದೆ ಸ್ವಾಮಿ," ಎಂದ ಒಬ್ಬ ಅಕ್ಕಸಾಲಿ.

ಒಬ್ಬ ದರ್ಜಿ ಮಾತ್ರ ಒಪ್ಪಲಿಲ್ಲ. "ಏನ್ರೀ ನೀವು, ಮದುವೆ ಆದ ಮಾರನೆಯ ದಿನವೇ ಸೊಸೆಯ ಅಡುಗೆಗೆ ಹೆಸರಿಟ್ಟ ಹಾಗಾಯಿತು. ಅವನ ಕೈ ನೋಡಿದ್ದೀರಾ? ಅಂಥ ಕೈಗೆ ಅಂಗಿ ಹೊಲಿದವನು ನಾನು. ಆ ಕೈ ಸುಮ್ಮನೆ ಬಂದದ್ದಲ್ಲ," ಎಂದ.

"ನಿನಗೆ ಬಟ್ಟೆ ಜಾಸ್ತಿ ಹಿಡಿಯಿತು, ಅದಕ್ಕೇ ಪ್ರೀತಿ," ಎಂದ ವಕೀಲ. ಎಲ್ಲರೂ ನಕ್ಕರು. ಎತ್ತರದವನು ಹಾಲಿನ ಲೋಟವನ್ನೇ ನೋಡುತ್ತಿದ್ದ.

ಆಗ ವ್ಯಾಪಾರಿ ಕೈ ಎತ್ತಿದ. "ಒಂದು ಪಂದ್ಯ ನೋಡಿ ಮನುಷ್ಯನನ್ನು ಅಳೆಯುವವನಲ್ಲ ನಾನು. ಹಂಗಾಮು ಪೂರ್ತಿ ಅವನನ್ನು ಇಟ್ಟುಕೊಳ್ಳುತ್ತೇನೆ. ಪ್ರತಿ ಪಂದ್ಯದಲ್ಲೂ ಅಂಕಣಕ್ಕೆ ಇಳಿಸುತ್ತೇನೆ. ಕೊನೆಗೆ ಬೆಲೆ ಹೇಳೋಣ," ಎಂದ.

ಎಲ್ಲರೂ ತಲೆದೂಗಿದರು. ವಕೀಲನೂ ತಲೆದೂಗಿದ. ಎಂಥ ತಾಳ್ಮೆ ಎಂದರು. ಎತ್ತರದವನಂತೂ ಅಲ್ಲಿಂದ ಎದ್ದವನೇ ತಾಯಿಗೆ ಫೋನು ಮಾಡಿ, "ಧಣಿ ದೇವರಂಥವರು ಅವ್ವಾ, ಹಂಗಾಮು ಪೂರ್ತಿ ಕೊಟ್ಟಿದ್ದಾರೆ," ಎಂದ.

ಮುಂದಿನ ಪಂದ್ಯ ಬಂತು. ಆ ತಂಡದಲ್ಲಿಯೂ ಚೆಂಡು ತರುವವನೊಬ್ಬನಿದ್ದ. ಒಳ್ಳೆಯವನು, ಯಾರ ಮೇಲೂ ಹಗೆ ಇಲ್ಲದವನು. ಚೆಂಡು ಪುಟಿಸುತ್ತ ಬಂದ. ಎತ್ತರದವನು ಬುಟ್ಟಿಯ ಕೆಳಗೆ ಒಬ್ಬನೇ ನಿಂತಿದ್ದ. ಎರಡೂ ಕೈ ಮೇಲೆ. "ಅಣ್ಣಾ, ಇಲ್ಲಿ!" ಎಂದು ಕೂಗಿದ. ಚೆಂಡು ತರುವವನು ನೋಡಿದ. ಒಂದು ಗಳಿಗೆ ಯೋಚಿಸಿದ. ಈ ಆಟದಲ್ಲಿ ಒಂದು ಗಳಿಗೆ ಎಂದರೆ ಬಹಳ ಆಯಿತು. ಅಷ್ಟರಲ್ಲಿ ಎದುರಾಳಿ ಅಡ್ಡ ಬಂದ. ಚೆಂಡು ಬೇರೆಯವನಿಗೆ ಹೋಯಿತು.

ಅವನು ಯೋಚಿಸಿದ್ದು ಇಷ್ಟೇ. ಸಂಜೆ ಮೆಟ್ಟಿಲ ಮೇಲೆ ತನಗೂ ಬೆಲೆ ಕಟ್ಟುತ್ತಾರೆ. ಎತ್ತರದವನ ಕೈಯಲ್ಲಿ ಚೆಂಡು ಹಾಳಾದರೆ, ಇಂಥವನಿಗೆ ಯಾಕೆ ಕೊಟ್ಟೆ ಎಂದು ತನ್ನನ್ನೇ ಕೇಳುತ್ತಾರೆ. ಉಳಿದ ಮೂವರು ಯೋಚಿಸಿದ್ದೂ ಅದನ್ನೇ. ಆದರೆ ಅವರು ಒಬ್ಬರಿಗೊಬ್ಬರು ಈ ಮಾತು ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ಒಬ್ಬನಾದರೂ ಛೆ, ತಪ್ಪು ಎನ್ನುತ್ತಿದ್ದನೇನೋ.

ಆ ಸಂಜೆ ಅಕ್ಕಸಾಲಿ, "ಇವತ್ತು ಕಂಬ ಒಂದೂ ತಪ್ಪು ಮಾಡಲಿಲ್ಲ," ಎಂದ.

"ಏನಾದರೂ ಮಾಡಿದರೆ ತಾನೇ ತಪ್ಪಾಗುವುದು?" ಎಂದ ವಕೀಲ.

"ಕಾಯೋಣ," ಎಂದ ವ್ಯಾಪಾರಿ.

ಪಂದ್ಯಗಳು ಕಳೆದವು. ವ್ಯಾಪಾರಿ ಮಾತಿಗೆ ತಪ್ಪಲಿಲ್ಲ. ಪ್ರತಿ ಪಂದ್ಯದಲ್ಲೂ ಎತ್ತರದವನನ್ನು ಇಳಿಸಿದ. ಎತ್ತರದವನು ಆ ತುದಿಯಿಂದ ಈ ತುದಿಗೆ ಓಡಿದ, ಈ ತುದಿಯಿಂದ ಆ ತುದಿಗೆ ಓಡಿದ. ಸರಿಯಾದ ಜಾಗಕ್ಕೆ ಬಂದು ನಿಂತ. ಕೂಗಿದ. ಕೆಲವು ವಾರ ಕಳೆದ ಮೇಲೆ ಕೂಗುವುದನ್ನು ಬಿಟ್ಟು ಕೈ ಮಾತ್ರ ಎತ್ತಿದ. ಆಮೇಲೆ ಕೈ ಭುಜದವರೆಗೆ ಮಾತ್ರ ಏಳುತ್ತಿತ್ತು. ಆಮೇಲೆ ಕೈ ಸೊಂಟದ ಮೇಲೆಯೇ ಇರುತ್ತಿತ್ತು.

ಒಂದು ದಿನ ಅವನು ಚೆಂಡು ತರುವವನ ಹತ್ತಿರ ಹೋದ. "ಅಣ್ಣಾ, ನನ್ನಿಂದ ಏನಾದರೂ ತಪ್ಪಾಗಿದೆಯೇ? ಏನಾದರೂ ಆಡಬಾರದ ಮಾತು ಆಡಿದೆನೇ?" ಎಂದು ಕೇಳಿದ.

"ಏನಿಲ್ಲಪ್ಪ. ನಿನ್ನ ಮೇಲೆ ನನಗೇನಿದೆ? ಆಟದ ಓಟ ಹಾಗೆ ಬಂತು, ಅಷ್ಟೆ. ಬಾ, ಹಣ್ಣು ತಿನ್ನು," ಎಂದು ತನ್ನ ಪಾಲಿನ ಬಾಳೆಹಣ್ಣನ್ನೇ ಕೊಟ್ಟ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ನಿಜವಾಗಿಯೂ ಇವನ ಮೇಲೆ ಏನೂ ಇರಲಿಲ್ಲ. ಎತ್ತರದವನು ಹಣ್ಣು ತಿಂದ. ಸಿಟ್ಟಾಗಲು ಒಬ್ಬ ಮನುಷ್ಯನಾದರೂ ಬೇಕಲ್ಲ, ಅವನಿಗೆ ಅದೂ ಸಿಗಲಿಲ್ಲ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಅವನು ಒಬ್ಬನೇ ಅಭ್ಯಾಸ ಮಾಡುತ್ತಿದ್ದ. ಯಾರೂ ಇಲ್ಲದಾಗ ಚೆಂಡು ಬುಟ್ಟಿಗೆ ಸಲೀಸಾಗಿ ಬೀಳುತ್ತಿತ್ತು. ಮಂಡಿಗೆ ಗಾಡಿ ತರುವವರು ನಿಂತು ನೋಡಿ, ಬಂದು ಹೇಳಿದರು. "ಒಬ್ಬನೇ ಇದ್ದರೆ ನಾನೂ ಹಾಕುತ್ತೇನೆ," ಎಂದ ಅಕ್ಕಸಾಲಿ. ಆ ಮಾತು ಅಲ್ಲಿಗೇ ನಿಂತಿತು.

ದರ್ಜಿ ಒಬ್ಬನೇ ಬಹಳ ದಿನ ವಾದಿಸಿದ. ವಾದಿಸುವುದು ಅವನಿಗೂ ಇಷ್ಟವೇ. "ಚೆಂಡು ಅವನ ಹತ್ತಿರ ಹೋಗುತ್ತಲೇ ಇಲ್ಲವಲ್ಲ," ಎಂದು ಒಮ್ಮೆ ಹೇಳಿದ. ಆಗ ವಕೀಲ, "ಯಾಕೆ ಹೋಗುವುದಿಲ್ಲ? ಜೊತೆಗೆ ಆಡುವವರಿಗೆ ಗೊತ್ತಿಲ್ಲವೇ? ಅವರಿಗೇ ನಂಬಿಕೆ ಇಲ್ಲ ಎಂದ ಮೇಲೆ ಇನ್ನೇನು ಸಾಕ್ಷಿ ಬೇಕು?" ಎಂದ. ದರ್ಜಿ ಮಂಡಕ್ಕಿಗೆ ಕೈ ಹಾಕಿದ. ಮೇಲಿನ ಮೆಟ್ಟಿಲಿನವರು ಆಟಗಾರರ ಕಡೆ ಬೊಟ್ಟು ಮಾಡಿದರು. ಕೆಳಗಿನ ಮೆಟ್ಟಿಲಿನ ಆಟಗಾರರು ಹಾಲು ಕುಡಿಯುತ್ತ, ಮೇಲಿನವರು ಏನು ಹೇಳುತ್ತಾರೆ ಎಂದು ಕೇಳುತ್ತಿದ್ದರು.

ಹಂಗಾಮಿನ ಕೊನೆಯ ಪಂದ್ಯ ಬಂತು. ಆಟ ಸಮಸಮವಾಗಿ ನಿಂತಿತ್ತು. ಎದುರಾಳಿಗಳಲ್ಲಿ ಇಬ್ಬರು ಬಂದು ಚೆಂಡು ತರುವವನನ್ನು ಮೂಲೆಗೆ ಒತ್ತಿದರು. ಉಳಿದವರೆಲ್ಲರಿಗೂ ಒಬ್ಬೊಬ್ಬ ಕಾವಲು. ಎತ್ತರದವನಿಗೆ ಮಾತ್ರ ಕಾವಲಿರಲಿಲ್ಲ. ಅವನಿಗೆ ಯಾರೂ ಚೆಂಡು ಕೊಡುವುದಿಲ್ಲ ಎಂಬುದು ಅಷ್ಟರಲ್ಲಿ ಎದುರಾಳಿಗಳಿಗೂ ಗೊತ್ತಾಗಿತ್ತು. ಬೇರೆ ದಾರಿಯಿಲ್ಲದೆ ಚೆಂಡು ತರುವವನು ಅವನ ಕಡೆಗೆ ಎಸೆದ. ಒಳ್ಳೆಯ ಎಸೆತ. ನೇರವಾಗಿ ಎದೆಯ ಎತ್ತರಕ್ಕೆ ಬಂತು.

ಎತ್ತರದವನ ಕೈ ಸೊಂಟದ ಮೇಲಿತ್ತು. ಚೆಂಡು ತನಗೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ಅದು ಎದೆಗೆ ಬಡಿದು, ಉರುಳಿ, ಗೆರೆಯಾಚೆ ಹೋಯಿತು. ಪಂದ್ಯವೂ ಹೋಯಿತು.

ಆ ದಿನ ಮೆಟ್ಟಿಲ ಮೇಲೆ ಯಾರೂ ನಗಲಿಲ್ಲ. ಮಂಡಕ್ಕಿ ಮೊರದಲ್ಲೇ ಉಳಿಯಿತು. "ಕೊನೆಗೂ ಚೆಂಡು ಕೊಟ್ಟರಲ್ಲಪ್ಪ," ಎಂದು ಅಕ್ಕಸಾಲಿ ಮೆಲ್ಲಗೆ ಹೇಳಿದ. ದರ್ಜಿ, "ನಾನೇ ತಪ್ಪು ತಿಳಿದಿದ್ದೆ," ಎಂದು ಎದ್ದು ಹೋದ. ವ್ಯಾಪಾರಿಗೆ ಸಂಕಟವಾಯಿತು. "ಹಂಗಾಮು ಪೂರ್ತಿ ಕೊಟ್ಟೆ. ಒಂದು ಪಂದ್ಯದಲ್ಲೂ ಕೂರಿಸಲಿಲ್ಲ. ಇದಕ್ಕಿಂತ ಹೆಚ್ಚು ಯಾರು ಮಾಡುತ್ತಾರೆ?" ಎಂದ. ಯಾರೂ ಮಾಡುವುದಿಲ್ಲ ಎಂದು ಎಲ್ಲರೂ ಒಪ್ಪಿದರು. ಎತ್ತರದವನೂ ಒಪ್ಪಿದ. ವ್ಯಾಪಾರಿ ಅವನಿಗೆ ಶಾಲು ಹೊದಿಸಿ, ಕೈಗೆ ಬೆಲ್ಲ ಕೊಟ್ಟು, ಬಸ್ಸಿನವರೆಗೆ ತಾನೇ ಹೋಗಿ ಹತ್ತಿಸಿ ಬಂದ.

ಎತ್ತರದವನು ಬೇರೆ ತಂಡಗಳ ಬಾಗಿಲಿಗೆ ಹೋದ. ಮೊದಲ ವಾರವೇ ಕಳಿಸಿದ್ದರೆ, ವ್ಯಾಪಾರಿ ದುಡುಕಿದ ಎಂದುಕೊಂಡು ಯಾರಾದರೂ ಒಳಗೆ ಕರೆಯುತ್ತಿದ್ದರು. ಈಗ ಎಲ್ಲರೂ ಒಂದೇ ಮಾತು ಹೇಳಿದರು. "ಆ ಧಣಿ ಅಷ್ಟು ಕಾದು ನೋಡಿ ಕಳಿಸಿದ್ದಾರೆ ಎಂದರೆ ಸುಮ್ಮನೆ ಇರಲಿಕ್ಕಿಲ್ಲ."

ಅವನು ಊರಿಗೆ ಹೋದ. ಅಲ್ಲಿ ಮಕ್ಕಳು ಬಯಲಿನಲ್ಲಿ ಆಡುತ್ತಿದ್ದರು. ಇವನನ್ನು ಕಂಡು ಕುಣಿದಾಡಿ, "ಕಾಕಾ, ಹಿಡೀರಿ!" ಎಂದು ಚೆಂಡು ಎಸೆದರು. ಅವನು ಕೈ ಚಾಚಲಿಲ್ಲ. ಚೆಂಡು ಪಕ್ಕದಲ್ಲಿ ಬಿದ್ದು, ಪುಟಿದು, ನಿಂತಿತು.

"ನನಗೆ ಬರೋದಿಲ್ಲ," ಎಂದ.

"ಯಾರು ಹೇಳಿದ್ರು?" ಎಂದು ಕೇಳಿದವು ಮಕ್ಕಳು.

"ಒಳ್ಳೇ ಮಂದಿ. ಹಂಗಾಮು ಪೂರಾ ನೋಡಿ ಹೇಳಿದ್ರು," ಎಂದ.

ಗುರುಗಳು ಕತೆ ನಿಲ್ಲಿಸಿದರು. ಪಶುಪತಿ ಕೇಳಿದ.

"ಹಾಗಾದರೆ ವ್ಯಾಪಾರಿ ಅವನನ್ನು ಮೊದಲ ವಾರವೇ ಕಳಿಸಬೇಕಿತ್ತೇ ಗುರುಗಳೇ?"

"ನಾನು ಹಾಗೆ ಹೇಳಲಿಲ್ಲ."

"ಮತ್ತೆ ಅವನಲ್ಲಿ ನಿಜವಾಗಿ ಆಟ ಇತ್ತೇ, ಇರಲಿಲ್ಲವೇ?"

"ಅದು ಈಗ ಯಾರಿಗೂ ಗೊತ್ತಾಗುವ ಹಾಗಿಲ್ಲ. ಅವನಿಗೂ ಇಲ್ಲ."

ಪಶುಪತಿ ಎದ್ದು ನಿಂತ. ಏನೋ ತೀರ್ಮಾನಕ್ಕೆ ಬಂದವನಂತೆ ಹೇಳಿದ. "ಆಗಲಿ ಗುರುಗಳೇ. ಸಿದ್ರಾಮನನ್ನು ಉಳಿಸಿಕೊಳ್ಳಿ ಎಂದೇ ನಾಳೆ ಸಮಿತಿಗೆ ಹೇಳುತ್ತೇನೆ. ಯಾರು ಏನೆಂದರೂ ಬಿಡುವುದಿಲ್ಲ."

ಗುರುಗಳು ತಲೆ ಎತ್ತಿ ಅವನ ಎರಡೂ ಕೈಗಳನ್ನು ನೋಡಿದರು.

"ಉಳಿಸಿಕೊಂಡು, ಚೆಂಡು ಕೊಡುತ್ತೀಯಾ?"

ಪಶುಪತಿ ತನ್ನ ಕೈಗಳನ್ನು ನೋಡಿಕೊಂಡ.