ನೆಲ ನಡುಗಿದಾಗ ಕೂಗುವ ಹೆಸರು

ಹೊಳೆಯ ಈಚೆ ದಡದಲ್ಲಿ ಒಂದು ಆಶ್ರಮ. ಆಚೆ ದಡದಲ್ಲಿ ಹೊಗೆಯಾಡುವ ಒಂದು ಬೆಟ್ಟ. ಬೆಟ್ಟದ ಬುಡದಲ್ಲೇ ಕಾವುಪೇಟೆ ಎಂಬ ಊರು.

ಬೆಂಕಿ ಕಾರುವ ಬೆಟ್ಟದ ಕೆಳಗೆ ಯಾರಾದರೂ ಮನೆ ಕಟ್ಟುತ್ತಾರೆಯೇ ಎಂದು ಕೇಳುವವರು ಆ ಊರಿನ ಬದನೆಕಾಯಿ ತಿಂದಿಲ್ಲ, ಅಷ್ಟೇ. ಬೂದಿ ಬಿದ್ದ ಮಣ್ಣು, ಏನು ಊರಿದರೂ ಬರುತ್ತದೆ. ಬಾವಿಯ ನೀರು ಬಿಸಿಯಾದರೆ ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊರಡುತ್ತದೆ. ಬೆಟ್ಟದ ಸಿಟ್ಟು ಇಳಿದ ಮೇಲೆ ವಾಪಸು ಬಂದು, ಬೂದಿ ಗುಡಿಸಿ, ಒಲೆ ಹಚ್ಚುತ್ತದೆ.

ಆ ಊರಿನ ಗವಿಯಪ್ಪ ಒಂದು ದಿನ ದೋಣಿ ಹತ್ತಿ ಆಶ್ರಮಕ್ಕೆ ಬಂದ. ಬಿದಿರಿನ ತಟ್ಟಿ ಹೆಣೆಯುವವನು, ನಲವತ್ತು ದಾಟಿದ ಆಳು. ಸ್ವಲ್ಪ ದಿನದ ಹಿಂದೆ ನೆಲ ನಡುಗಿ, ಮನೆಯ ತೊಲೆ ಅವನು ಮಲಗುವ ಚಾಪೆಯ ಮೇಲೆಯೇ ಬಿದ್ದಿತ್ತು. ಪುಣ್ಯಕ್ಕೆ ಅವನು ಹಿತ್ತಲಲ್ಲಿದ್ದ. ಮೈಗೆ ಏನೂ ಆಗಲಿಲ್ಲ, ಆದರೆ ಅಂದಿನಿಂದ ನಿದ್ದೆ ಹತ್ತಿರ ಸುಳಿಯಲಿಲ್ಲ.

“ಏನು ಬೇಕಪ್ಪಾ?” ಗುರುಗಳು ಕೇಳಿದರು.

“ಭಯ ಹೋಗ್ಬೇಕು, ಬುದ್ಧೀ.”

“ಹೋದ ಮೇಲೆ?”

“ಊರಿಗೆ ವಾಪಸ್ ಹೋಗ್ತೀನಿ. ಹೆಂಡ್ತಿ ಅಲ್ಲೇ ಅವಳೆ.”

“ಆಕೆ ಯಾಕೆ ಬರಲಿಲ್ಲ?”

ಗವಿಯಪ್ಪ ನೆಲ ನೋಡಿದ. “ಕರೆದೆ ಬುದ್ಧೀ. ಪಕ್ಕದ ಮನೇಲಿ ಒಬ್ಬಳು ಅಜ್ಜಿ ಅವಳೆ. ಕಣ್ಣು ಕಾಣಲ್ಲ, ಕಿವಿನೂ ಅಷ್ಟಕ್ಕಷ್ಟೇ. ‘ನನ್ನ ಗಂಟಲೊಂದೇ ಅವಳಿಗೆ ಕೇಳೋದು, ನಾನು ಬಂದ್ಬಿಟ್ರೆ ಅವಳನ್ನ ಕೂಗೋರು ಯಾರು’ ಅಂದ್ಲು.”

ಗುರುಗಳು ಮೂಲೆಯಲ್ಲಿದ್ದ ಪೊರಕೆ ತಂದು ಅವನ ಕೈಗಿತ್ತರು.

“ಸದ್ಯಕ್ಕೆ ಅಂಗಳ ಗುಡಿಸು.”

ಗುಡಿಸುವುದಕ್ಕೆ ಅಲ್ಲಿ ಬರವಿರಲಿಲ್ಲ. ಬೆಟ್ಟದ ಬೂದಿ ಗಾಳಿಯಲ್ಲಿ ಹೊಳೆ ದಾಟಿ ಬಂದು ದಿನಾ ಅಂಗಳದ ತುಂಬ ಬೀಳುತ್ತಿತ್ತು. ಗವಿಯಪ್ಪ ಬೆಳಿಗ್ಗೆ ಎದ್ದು ಗುಡಿಸುವನು. ಗುಡಿಸಿದ್ದನ್ನು ಕೂಡಲೇ ಚೆಲ್ಲಲು ಮನಸ್ಸು ಬಾರದೆ ಒಂದು ಹಿಡಿ ಕೈಯಲ್ಲಿಟ್ಟುಕೊಂಡು ನಿಲ್ಲುವನು. ಇದೇ ಬೂದಿಯನ್ನು ಈ ಹೊತ್ತಿಗೆ ಮಾದೇವಿಯೂ ಗುಡಿಸುತ್ತಿರುತ್ತಾಳೆ ಎಂದು ನೆನೆಯುವನು.

ಮಾದೇವಿ ಅವನ ಹೆಂಡತಿ. ಅವಳು ಹೇಳಿದ ಕೂಗಿನ ಮಾತು ಇಲ್ಲಿ ಹೇಳಿಬಿಡಬೇಕು.

ಕಾವುಪೇಟೆಯಲ್ಲಿ ನೆಲ ನಡುಗಿ ನಿಂತ ಕೂಡಲೇ ಒಬ್ಬರು ಇನ್ನೊಬ್ಬರ ಹೆಸರು ಹಿಡಿದು ಕೂಗುತ್ತಾರೆ. ಕೂಗಿಸಿಕೊಂಡವರು ಇದ್ದಲ್ಲಿಂದಲೇ ‘ಇದ್ದೀನಿ’ ಎನ್ನಬೇಕು. ಆಮೇಲೆ ಕೂಗು ಮುಂದಿನವರಿಗೆ ದಾಟುತ್ತದೆ. ಮನೆಯಿಂದ ಮನೆಗೆ, ಕೇರಿಯಿಂದ ಕೇರಿಗೆ, ಹೀಗೆ ಊರೆಲ್ಲ ಸುತ್ತುತ್ತದೆ. ಉತ್ತರ ಬರದಿದ್ದರೆ ಅಲ್ಲೇ ನಿಲ್ಲುತ್ತದೆ. ಆಗ ಜನ ಹಾರೆ ಗುದ್ದಲಿ ಹಿಡಿದು ಆ ಮನೆಯ ಕಡೆ ಓಡುತ್ತಾರೆ.

ಆ ಊರಿನ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಮಾದೇವಿಯೂ ಅಷ್ಟೇ. ದಿನವೆಲ್ಲ ‘ಏನೂಂದ್ರೆ’, ‘ಇವ್ರೇ’, ಸಿಟ್ಟು ಬಂದರೆ ‘ಈ ವಯ್ಯ’. ಆದರೆ ನೆಲವೇ ನಡುಗಿದ ಮೇಲೆ ಮರ್ಯಾದೆ ನೋಡುತ್ತಾ ಕೂರಲಾಗುತ್ತದೆಯೇ? ಆಗ ಮಾತ್ರ ಅವಳು ಕೇರಿಗೆಲ್ಲ ಕೇಳುವಂತೆ ‘ಗವಿಯಪ್ಪಾ’ ಎಂದು ಕೂಗುತ್ತಿದ್ದಳು.

ಮದುವೆಯಾದ ಹೊಸದರಲ್ಲಿ, ಆ ಒಂದು ಕೂಗಿನ ಆಸೆಗೆ, ಬೆಟ್ಟ ಇವತ್ತು ಒಂಚೂರು ಅಲ್ಲಾಡಬಾರದೇ ಎಂದು ಅವನು ಕಾದದ್ದೂ ಉಂಟು. ಅದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಆಶ್ರಮದಲ್ಲಿ ಎಲ್ಲರೂ ಅವನ ಹೆಸರು ಹಿಡಿದೇ ಕರೆಯುತ್ತಿದ್ದರು. ಗವಿಯಪ್ಪಾ ನೀರು ತಾ. ಗವಿಯಪ್ಪಾ ಸೌದೆ ಒಡಿ. ಕರೆದರೆ ಓಗೊಡುತ್ತಿದ್ದ. ಆದರೆ ಅದು ತನ್ನ ಹೆಸರು ಎಂದು ಅವನಿಗೆ ಅನ್ನಿಸುತ್ತಲೇ ಇರಲಿಲ್ಲ.

ಮಳೆಗಾಲ ಹೋಯಿತು, ಮತ್ತೊಂದು ಬಂತು. ಗವಿಯಪ್ಪ ಹೊಳೆಯ ದಡದ ಬಂಡೆಯ ಮೇಲೆ ಕಣ್ಣು ಮುಚ್ಚಿ ಕೂರುವುದನ್ನು ಕಲಿತ. ಒಂದು ದಿನ ಎದ್ದವನೇ ನೇರ ಗುರುಗಳ ಹತ್ತಿರ ಬಂದ. ಮುಖದಲ್ಲಿ ಕಳೆ ಬಂದಿತ್ತು.

“ಬುದ್ಧೀ, ಈಗ ತಾನೆ ನೆಲ ನಡುಗ್ತು. ನಾನು ಕದಲಲಿಲ್ಲ.”

“ನೀನು ಕೂತಿದ್ದ ಬಂಡೆ?”

“ಅದು ಅಲ್ಲಾಡ್ತು.”

“ಬಂಡೆನೇ ಅಲ್ಲಾಡಿತಾ?” ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. “ಹಾಗಾದ್ರೆ ನಿನಗೇನಾಯ್ತಪ್ಪಾ?”

ಗವಿಯಪ್ಪನಿಗೆ ಇದು ಹಿಡಿಸಲಿಲ್ಲ. ಹೊಗಳುತ್ತಾರೆ ಎಂದುಕೊಂಡಿದ್ದ. ಪೊರಕೆ ತೆಗೆದುಕೊಂಡು, ಆಗಲೇ ಗುಡಿಸಿದ್ದ ಅಂಗಳವನ್ನು ಇನ್ನೊಮ್ಮೆ ಗುಡಿಸಿದ.

ಮಾರನೆಯ ದಿನ ಅಂಬಿಗ ಕಾಳಣ್ಣ ಆಚೆ ದಡದಿಂದ ಒಂದು ಬುಟ್ಟಿ ಬದನೆಕಾಯಿ ತಂದು ಅಡುಗೆಮನೆಯ ಮುಂದೆ ಇಳಿಸಿದ. ಗವಿಯಪ್ಪ ಏನೋ ಸುಮ್ಮನೆ ಕೇಳುವವನ ಹಾಗೆ ಕೇಳಿದ.

“ಆ ಕಡೆ ಎಲ್ಲ ಹೆಂಗೆ, ಕಾಳಣ್ಣ?”

“ಎಲ್ಲ ಚೆಂದಾಗವ್ರೆ. ನೆನ್ನೆ ನಡುಗಿದಾಗ ನಿಮ್ಮ ಕೇರೀಲೇ ಇದ್ದೆ ಕಣಪ್ಪ. ಕೂಗು ನಿಮ್ಮನೆ ತಂಕ ಬಂದು ನಿಂತೋಯ್ತು.”

ಗವಿಯಪ್ಪನ ಕೈಯಲ್ಲಿದ್ದ ಬದನೆಕಾಯಿ ಕೆಳಗೆ ಬಿತ್ತು. “ಅವಳಿಗೆ ಏನಾಯ್ತು?”

“ಅವಳಿಗೇನೂ ಆಗಿಲ್ಲ. ನಿನ್ನ ಹೆಸರು ಕೂಗಿದ್ಲು. ಉತ್ತರ ಬರ್ದೆ ಮುಂದಕ್ಕೆ ದಾಟಿಸೋ ಹಂಗಿಲ್ವಲ್ಲ, ಕೇರಿಯೋರೆಲ್ಲ ಸುಮ್ಕೆ ನಿಂತ್ರು. ಒಂದು ಗಳಿಗೆ ಬಿಟ್ಟು ಅವಳೇ ‘ಹೊಳೆ ಆಚೆ ಅವ್ರೆ’ ಅಂದು ಅಜ್ಜಿನ ಕೂಗಿದ್ಲು.”

“ನಾನಿಲ್ಲ ಅಂತ ಗೊತ್ತಿದ್ದೂ?”

“ನಾನೂ ಹಂಗೇ ಕೇಳ್ದೆ. ‘ಕೂಗದೆ ಬಿಟ್ರೆ ಸತ್ತೋರ ಲೆಕ್ಕಕ್ಕೆ ಸೇರಿಸಿದಂಗೆ ಆಗಲ್ವಾ, ಕಾಳಣ್ಣ’ ಅಂದ್ಲು.”

“ಪ್ರತಿ ಸಲನೂ ಕೂಗ್ತಾಳಾ?”

“ಪ್ರತಿ ಸಲನೂ. ಮೊದಮೊದಲು ಹೈಕಳು ನಗ್ತಿದ್ವು. ಈಗ ಅವೂ ನಗಲ್ಲ.”

ಆ ಮಧ್ಯಾಹ್ನ ಎಲೆಗೆ ಬದನೆಕಾಯಿ ಪಲ್ಯ ಬಿತ್ತು. ಗವಿಯಪ್ಪ ಒಂದು ತುತ್ತು ಬಾಯಿಗಿಟ್ಟವನು ಹಾಗೇ ಕೂತುಬಿಟ್ಟ.

“ಖಾರ ಆಯ್ತಾ?” ಗುರುಗಳು ಕೇಳಿದರು.

“ಇಲ್ಲ ಬುದ್ಧೀ.”

“ಮತ್ತೆ ಕಣ್ಣಲ್ಲಿ ನೀರು?”

“ಊರಿಗೆ ಹೋಗ್ಬೇಕು ಅನ್ನಿಸ್ತದೆ. ಜೀವ ಎಲ್ಲ ಅಲ್ಲೇ ಅದೆ. ಆದ್ರೆ ಭಯ ಇನ್ನೂ ಪೂರ್ತಿ ಹೋಗಿಲ್ಲ. ಅದು ಹೋದ ದಿನವೇ ಹೊರಡ್ತೀನಿ.”

ಗುರುಗಳು ಇನ್ನೊಂದು ಸಲ ಪಲ್ಯ ಹಾಕಿಸಿಕೊಂಡರು.

“ಬದನೆಕಾಯಿ ಚೆನ್ನಾಗಿದೆ,” ಎಂದರು.

ಅದಾಗಿ ಸ್ವಲ್ಪ ದಿನಕ್ಕೆ, ಊಟ ಮುಗಿದು ಎಲ್ಲರೂ ಅಡ್ಡಾಗಿದ್ದ ಹೊತ್ತಿನಲ್ಲಿ, ಬೆಟ್ಟ ಒಳಗಿಂದ ಗುಡುಗಿತು. ನೆಲ ಜರಡಿ ಹಿಡಿದಂತೆ ಅಲುಗಿತು. ಅಡುಗೆಮನೆಯ ಗಡಿಗೆಗಳು ಉರುಳಿದವು. ಮಾಡಿನ ಹೆಂಚು ಜಾರಿ ಜಗಲಿಯ ಮೇಲೆ ಬಿದ್ದು ಪುಡಿಯಾಯಿತು.

ಬಂಡೆಯ ಮೇಲೆ ಕೂತಿದ್ದ ಗವಿಯಪ್ಪ ಕಣ್ಣು ಬಿಟ್ಟು ನೋಡಿದ. ಗುರುಗಳು ಒಂದು ಕಾಲಿಗೆ ಮಾತ್ರ ಮೆಟ್ಟು ಹಾಕಿಕೊಂಡು, ಪಂಚೆ ಎತ್ತಿ ಹಿಡಿದು, ಅಂಗಳಕ್ಕೆ ಓಡಿಬರುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು. ಅವನು ಅವರನ್ನು ಹಾಗೆ ಎಂದೂ ಕಂಡಿರಲಿಲ್ಲ.

“ಬುದ್ಧೀ, ನಿಮಗೂ ಭಯವಾ?”

“ಇಲ್ದೆ ಏನಯ್ಯಾ?” ಗುರುಗಳು ಏದುಸಿರು ಬಿಡುತ್ತಾ ನಿಂತರು. “ಆ ಹೆಂಚು ನನ್ನ ಶಿಷ್ಯನಾ, ಬೀಳಬೇಡ ಅಂದ್ರೆ ಕೇಳೋದಕ್ಕೆ?”

ನಡುಕ ನಿಂತಿತು. ಹಕ್ಕಿಗಳೂ ಸುಮ್ಮನಾದವು.

ಈ ಮೌನ ಗವಿಯಪ್ಪನಿಗೆ ಗೊತ್ತಿತ್ತು. ಕೂಗು ಶುರುವಾಗುವ ಹೊತ್ತು ಅದು. ಈಗ ಮೇಲಿನ ಕೇರಿಯಲ್ಲಿ ಯಾರೋ ಯಾರದೋ ಹೆಸರು ಕೂಗುತ್ತಿದ್ದಾರೆ. ಈಗ ಕೆಳಗಿನ ಕೇರಿಗೆ ಇಳಿಯಿತು. ಈಗ ಅವಳ ಹೆಸರು. ಈಗ ಅವಳು ಇದ್ದೀನಿ ಅಂದಳು, ಅಂದಿರಬೇಕು. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಖ ಮೇಲೆತ್ತಿ, ಅವಳು ತನ್ನ ಹೆಸರು ಕೂಗುತ್ತಿದ್ದಾಳೆ. ಕೇರಿಗೆ ಕೇರಿಯೇ ನಿಂತು ಕಾಯುತ್ತಿದೆ.

ಅವನಿಗೆ ತಡೆಯಲಾಗಲಿಲ್ಲ. ಬಂಡೆಯ ಮೇಲೆ ಎದ್ದು ನಿಂತು ಹೊಳೆಯ ಕಡೆ ಕೂಗಿದ.

“ಇದ್ದೀನೀ!”

“ನನಗೆ ಕೇಳಿಸ್ತು,” ಹಿಂದಿನಿಂದ ಗುರುಗಳು ಹೇಳಿದರು.

ಗವಿಯಪ್ಪ ಬಂಡೆಯಿಂದ ಇಳಿದು, ನೀರಿನ ಅಂಚಿಗೆ ಹೋಗಿ, ಇನ್ನೂ ಜೋರಾಗಿ ಕೂಗಿದ.

“ಇದ್ದೀನೀ!”

“ನನಗೆ ಕೇಳಿಸ್ತು.”

ಅವನು ಮೊಣಕಾಲುದ್ದ ನೀರಿಗೆ ಇಳಿದ. ಗಂಟಲು ಹರಿಯುವ ಹಾಗೆ ಕೂಗಿದ.

“ಈಗಲೂ ನನಗೇ ಕೇಳಿಸ್ತಾ ಇದೆ ಕಣಪ್ಪ,” ಎಂದರು ಗುರುಗಳು, ಮೆಲ್ಲಗೆ.

ಗವಿಯಪ್ಪ ತಿರುಗಿ ನೋಡಿದ. ಗುರುಗಳು ಒಂಟಿ ಮೆಟ್ಟಿನಲ್ಲಿ, ಅಂಗಳದ ಬೂದಿಯ ನಡುವೆ, ಇನ್ನೂ ನಡುಗುತ್ತಲೇ ನಿಂತಿದ್ದರು.

ಅವನು ದೋಣಿಯ ಕಡೆ ನಡೆದ. ಕಾಳಣ್ಣ ಅದರೊಳಗೆ ಗಾಬರಿಯಿಂದ ಎದ್ದು ಕೂತಿದ್ದ.

“ಹೊರಡು ಕಾಳಣ್ಣ.”

“ಈಗ ಹೋದ್ರೂ ಇವತ್ತಿನ ಕೂಗು ಮುಗ್ದೋಗಿರ್ತದಲ್ಲೋ.”

“ಬೆಟ್ಟ ಎಲ್ಲಿಗೂ ಹೋಗಲ್ವಲ್ಲ. ಹೊರಡು.”

ದೋಣಿ ಹತ್ತುವಾಗ ಕಾಳಣ್ಣ ಅವನ ತೋಳು ಹಿಡಿದು ಕೂರಿಸಬೇಕಾಯಿತು. ಬೆಟ್ಟದ ತುದಿಯಲ್ಲಿ ಹೊಗೆ ದಟ್ಟವಾಗಿತ್ತು. ಗವಿಯಪ್ಪನಿಗೆ ಭಯವಾಗುತ್ತಿತ್ತು, ಮೊದಲು ಬಂದ ದಿನ ಆದಷ್ಟೇ ಭಯ. ಅದಕ್ಕಿಂತ ಹೆಚ್ಚಾಗಿ ಅವಳನ್ನು ನೋಡಬೇಕೆನಿಸುತ್ತಿತ್ತು.

ನಡುಹೊಳೆಯಲ್ಲಿ ಗುರುಗಳ ನೆನಪಾಗಿ ಹಿಂದಕ್ಕೆ ತಿರುಗಿದ. ಅವರು ನೀರಿನ ಅಂಚಿಗೆ ಬಂದು ನಿಂತಿದ್ದರು, ಒಂದು ಹಿಡಿ ಗಾತ್ರ ಕಾಣುತ್ತಿದ್ದರು. ಹೇಳದೆ ಬಂದೆನಲ್ಲ ಎಂದುಕೊಂಡ. ಎರಡೂ ಕೈ ಎತ್ತಿ ಮುಗಿದು, ಕೊನೆಗೊಮ್ಮೆ ಅವರಿಗೂ ಕೂಗಿ ಹೇಳಿದ.

“ಇದ್ದೀನಿ, ಬುದ್ಧೀ!”

ಗಾಳಿ ಆಶ್ರಮದ ಕಡೆಯಿಂದ ಬೀಸುತ್ತಿತ್ತು. ಗುರುಗಳು ಕಿವಿಯ ಹಿಂದೆ ಕೈ ಹಿಡಿದರು. ಅವರ ದನಿ ನೀರಿನ ಮೇಲೆ ತೇಲಿ ಬಂತು.

“ಏನಪ್ಪಾ? ನನಗೆ ಕೇಳಿಸ್ತಾ ಇಲ್ಲ!”