ಕರಡಿಯ ಲಾರಿಯೂ ಮುಂಗುಸಿಯ ಹೊಸ ನಾಜಲೂ

ಒಂದು ಕಾಡಿನಲ್ಲಿ ಎರಡು ಲಾರಿಗಳಿದ್ದವು. ಎರಡೂ ಒಂದೇ ಮಾದರಿಯವು, ಒಂದೇ ವಯಸ್ಸಿನವು. ಒಂದು ಓಡುತ್ತಿತ್ತು, ಇನ್ನೊಂದು ನಿಂತೇ ಇತ್ತು. ಓಡುವ ಲಾರಿ ಜಾಂಬಣ್ಣ ಎಂಬ ಕರಡಿಯದು. ನಿಂತ ಲಾರಿ ಪರಮೇಶಿ ಎಂಬ ಮುಂಗುಸಿಯದು. ಪರಮೇಶಿ ಕಾಡಿನ ಅಂಚಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ. ಕಾಡಿಗೆಲ್ಲ ಅವನೇ ಮೇಸ್ತ್ರಿ. ಆದರೆ ತನ್ನ ಲಾರಿಯನ್ನೇ ಓಡಿಸುವುದು ಅವನಿಂದ ಆಗಿರಲಿಲ್ಲ. ಅದರ ನಾಲ್ಕೂ ನಾಜಲ್ ಸವೆದು ಹೋಗಿದ್ದವು. ನಾಜಲ್ ಅಂದರೆ ಡೀಸೆಲನ್ನು ಎಂಜಿನ್ನಿನೊಳಕ್ಕೆ ಮಂಜಿನ ಹಾಗೆ ಚಿಮುಕಿಸುವ ಸಣ್ಣ ಮೂತಿ. ಅದು ಸವೆದರೆ ಮಂಜು ಬರುವುದಿಲ್ಲ, ಜೊಲ್ಲು ಸುರಿಯುತ್ತದೆ. ಜೊಲ್ಲು ಸುರಿಸುವ ಲಾರಿ ಎಲ್ಲಿಗೆ ತಾನೇ ಹೋದೀತು? ಜಾಂಬಣ್ಣನ ಲಾರಿ ಗುಡುಗುಡು ಅನ್ನುತ್ತ ಗ್ಯಾರೇಜಿನ ಮುಂದೆ ಹಾದುಹೋದಾಗಲೆಲ್ಲ ಪರಮೇಶಿಯ ಬಾಯಲ್ಲೂ ಜೊಲ್ಲೇ.

ಜಾಂಬಣ್ಣನಿಗೆ ಗುಹೆ ಇರಲಿಲ್ಲ. ನನ್ನವರು ಅನ್ನುವವರೂ ಇರಲಿಲ್ಲ. ಚಿಕ್ಕಂದಿನಲ್ಲೇ ಮನೆ ಬಿಟ್ಟವನು, ಎಲ್ಲೂ ನೆಲೆ ನಿಂತವನಲ್ಲ. ಈ ಗುಡ್ಡದ ಉಪ್ಪನ್ನು ಆ ಗುಡ್ಡಕ್ಕೆ ಸಾಗಿಸುತ್ತಿದ್ದ, ಬರುವಾಗ ಆ ಗುಡ್ಡದ ಗೆಣಸನ್ನು ಹೇರಿಕೊಂಡು ಬರುತ್ತಿದ್ದ. ಮಲಗುವುದು ಲಾರಿಯಲ್ಲಿ, ಮಾತಾಡುವುದು ಎಂಜಿನ್ನಿನ ಜೊತೆ.

"ಏನಮ್ಮಾ, ಇವತ್ತು ಗಂಟಲು ಕಟ್ಟಿದ ಹಾಗಿದೆ?" ಅಂತ ಅದನ್ನು ಕೇಳುತ್ತಿದ್ದ. ಅದು ಗುಡುಗುಡು ಅನ್ನುತ್ತಿತ್ತು. "ಆಯ್ತಾಯ್ತು, ಈ ಏರು ಮುಗೀಲಿ, ನಿಲ್ಲಿಸ್ತೀನಿ" ಅಂತ ಇವನೇ ಸಮಾಧಾನ ಹೇಳುತ್ತಿದ್ದ.

ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ದೂರ ಹೊರಟ ಗಾಡಿಯನ್ನು ಬರಿದೇ ಕಳಿಸುತ್ತಿರಲಿಲ್ಲ. ಅರಿಶಿನದಲ್ಲಿ ಅದ್ದಿದ ಬಟ್ಟೆಯ ಚೂರೊಂದನ್ನು ಗಾಡಿಗೆ ಕಟ್ಟಿ "ಹೋಗಿ ಬಾ" ಅನ್ನುತ್ತಿದ್ದರು. ಮುಂದಿನ ಹಳ್ಳ ದಾಟುವಾಗ ಅದನ್ನು ಬಿಚ್ಚಿ ನೀರಿಗೆ ಬಿಡಬೇಕು. ಜಾಂಬಣ್ಣ ಬಿಡುತ್ತಿರಲಿಲ್ಲ. ಅವನ ಕಿಟಕಿಯ ಪಕ್ಕದಲ್ಲೇ, ಎಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆ ಎದ್ದು ನಿಂತಿತ್ತು. ಬಟ್ಟೆ ಚೂರುಗಳನ್ನೆಲ್ಲ ಅದರ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ. ಓಡಿಸುತ್ತ ಓಡಿಸುತ್ತ ಕಣ್ಣು ಹೊರಳಿಸಿದರೆ ಕಾಣಬೇಕು. ಇದು ಮುಳ್ಳುಹಂದಿ ಕಟ್ಟಿದ್ದು, ಇದು ಮೊಲದ ಮನೆಯವರದು, ಇದು ಮುದಿ ಆಮೆ ನಡುಗುವ ಕೈಯಲ್ಲಿ ಗಂಟು ಹಾಕಿದ್ದು. ಹಾಗೆ ನೋಡಿಕೊಂಡಾಗ ತನಗೂ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಹಳೆಯದರ ಮೇಲೆ ಹೊಸದು ಬಂತು. ಅದರ ಮೇಲೆ ಧೂಳು ಕೂತಿತು, ಮಳೆ ಬಿತ್ತು, ಬಿಸಿಲು ಕಾಯಿತು.

ಹೀಗಿರುತ್ತ ಲಾರಿ ಕರಿ ಹೊಗೆ ಉಗುಳತೊಡಗಿತು. ಮೊದಮೊದಲು ಏರಿನಲ್ಲಿ ಮಾತ್ರ. ಆಮೇಲೆ ಸಮದಾರಿಯಲ್ಲೂ. ಎಷ್ಟು ತುಳಿದರೂ ಲಾರಿಗೆ ಜೀವವೇ ಇಲ್ಲ, ಹೊಗೆ ಮಾತ್ರ ದಂಡಿಯಾಗಿ ಬರುತ್ತಿತ್ತು. ಮೊದಲು ಸದ್ದು ಕೇಳಿದರೆ ಓಡಿಬರುತ್ತಿದ್ದ ಪ್ರಾಣಿಗಳು ಈಗ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದವು. ಉಪ್ಪಿನ ಮೂಟೆಯನ್ನು ಮರದ ಬುಡದಲ್ಲಿ ಇಳಿಸಿ, ಯಾರ ಮುಖವನ್ನೂ ನೋಡದೆ ಮುಂದೆ ಹೋಗುವುದು ಜಾಂಬಣ್ಣನಿಗೆ ರೂಢಿಯಾಯಿತು.

"ಜಾಂಬಣ್ಣಾ, ಅಲ್ಲೇ ದೂರದಲ್ಲಿ ನಿಲ್ಸಪ್ಪ! ಮರಿಗೆ ಕೆಮ್ಮು" ಅಂತ ಕೋತಿ ಮೇಲಿನಿಂದ ಕೂಗುತ್ತಿತ್ತು. ಹೊರಡುವಾಗ ಬಟ್ಟೆ ಕಟ್ಟಲು ಯಾರೂ ಇಳಿದು ಬರುತ್ತಿರಲಿಲ್ಲ. ಅದಕ್ಕೇ ಅವನು ಹಳೆಯ ಬಟ್ಟೆಗಳ ಗಂಟುಗಳನ್ನೇ ಇನ್ನಷ್ಟು ಬಿಗಿದು ಕಟ್ಟಿಕೊಂಡ.

ಕೊನೆಗೊಂದು ದಿನ ಆನೆಗಳ ಹಿರಿಯಳು ಗಿರಿಜವ್ವ ದಾರಿಗೆ ಅಡ್ಡ ಬಂದು ನಿಂತಳು. "ಜಾಂಬಣ್ಣ, ನಿನ್ನ ಮೇಲೆ ನನಗೇನೂ ಕೋಪ ಇಲ್ಲ ಕಣಪ್ಪ. ಆದ್ರೆ ಮರಿಗಳಿಗೆ ಎದೆ ಕಟ್ಟುತ್ತೆ. ಹುಣ್ಣಿಮೆ ಒಳಗೆ ಹೊಗೆ ನಿಲ್ಲಿಸು. ಇಲ್ದಿದ್ರೆ ಲಾರಿ ಕಾಡಿನಾಚೆ ಇರ್ಲಿ."

"ಲಾರಿ ಆಚೆ ಇದ್ರೆ ನಾನೆಲ್ಲಿರ್ಲಿ ಅವ್ವ?" ಅಂದ ಜಾಂಬಣ್ಣ.

ಗಿರಿಜವ್ವ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಜಾಂಬಣ್ಣ ನೇರ ಗ್ಯಾರೇಜಿಗೆ ಬಂದ. ಪರಮೇಶಿ ಓಡಿಬಂದು ಎದುರುಗೊಂಡ. ಲಾರಿಯನ್ನು ಒಂದು ಸುತ್ತು ಹಾಕಿದ. ಬಟ್ಟೆ ಸುತ್ತಿದ ಕೊಳವೆಯ ಹತ್ತಿರ ಬಂದಾಗ ಅವನ ಹೆಜ್ಜೆ ನಿಂತಿತು. ಬಟ್ಟೆಯ ಮುದ್ದೆ ಕೊಳವೆಯ ಬಾಯನ್ನೇ ಮೆತ್ತಿಕೊಂಡಿತ್ತು. ರೋಗ ಏನು ಅಂತ ಮೇಸ್ತ್ರಿಗೆ ಆ ಕ್ಷಣವೇ ತಿಳಿಯಿತು. ಮೀಸೆಯೊಳಗೇ ನಕ್ಕು, ಏನೂ ಕಾಣದವನ ಹಾಗೆ ಮುಂದೆ ನಡೆದ.

"ಬಾ ಅಣ್ಣಾ, ಮೊದ್ಲು ಊಟ ಮಾಡು. ಗಾಡಿ ಎಲ್ಲಿಗೂ ಓಡಿಹೋಗಲ್ಲ" ಅಂದ.

ಜಾಂಬಣ್ಣನನ್ನು ಅದುವರೆಗೆ ಬರೀ ಅಣ್ಣಾ ಅಂತ ಯಾರೂ ಕರೆದಿರಲಿಲ್ಲ. ಎದುರಿಗೆ ಕೂತು ಉಂಡವರೂ ಇರಲಿಲ್ಲ. ಪರಮೇಶಿ ಬಡಿಸಿದ, ಜಾಂಬಣ್ಣ ತಿಂದ. ಏನು ತಿಂದೆ ಅನ್ನುವುದೇ ಅವನಿಗೆ ಗೊತ್ತಾಗಲಿಲ್ಲ.

ಊಟ ಮುಗಿದ ಮೇಲೆ ಪರಮೇಶಿ ಎಂಜಿನ್ ಶುರು ಮಾಡಿಸಿದ. ಸ್ಪ್ಯಾನರ್ ಹಿಡಿದು, ಓಡುತ್ತಿರುವ ಎಂಜಿನ್ನಿನ ಮೊದಲನೆಯ ನಾಜಲ್ಲಿಗೆ ಡೀಸೆಲ್ ತರುವ ಪೈಪಿನ ನಟ್ಟು ಸಡಿಲಿಸಿದ. ಆ ನಾಜಲ್ಲಿಗೆ ಡೀಸೆಲ್ ತಪ್ಪಿ ಎಂಜಿನ್ ಒಮ್ಮೆ ಬೆಚ್ಚಿ ತಡವರಿಸಿತು. ನಟ್ಟು ಬಿಗಿದ ಕೂಡಲೇ ಸರಿಯಾಯಿತು.

"ಕೇಳಿಸ್ತಾ ಅಣ್ಣಾ? ಹೇಗೆ ಬಿಕ್ಕಳಿಸ್ತು ನೋಡು. ಇದು ಸತ್ತಿದೆ."

ಎರಡನೆಯದಕ್ಕೂ ಎಂಜಿನ್ ತಡವರಿಸಿತು. ಮೂರನೆಯದಕ್ಕೂ, ನಾಲ್ಕನೆಯದಕ್ಕೂ ಹಾಗೇ.

"ನಾಲ್ಕೂ ಸತ್ತಿವೆ" ಅಂತ ಪರಮೇಶಿ ತಲೆ ಅಲ್ಲಾಡಿಸಿದ. "ನಿನ್ನ ಪುಣ್ಯ, ನನ್ನ ಹತ್ರ ಹೊಸ ನಾಜಲ್ ಇದಾವೆ. ನಾಳೆ ಬೆಳಿಗ್ಗೆ ಹಾಕಿಕೊಡ್ತೀನಿ. ನಿನ್ನ ಹತ್ರ ಕೂಲಿ ಈಸ್ಕೊಳ್ತೀನಾ? ಹಳೇವು ನಾಲ್ಕನ್ನೂ ಇಲ್ಲೇ ಬಿಟ್ಟುಹೋಗು, ಗುಜರಿಗೆ ಎಸೀತೀನಿ."

"ನೀನು ಹೇಳಿದ ಮೇಲೆ ಮುಗೀತು ಪರಮೇಶಿ" ಅಂದ ಜಾಂಬಣ್ಣ.

ಸಂಜೆ ಇಳಿಯಿತು. ಪರಮೇಶಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನಿಗೆ ಕೆಲಸ ಇತ್ತು. ತನ್ನ ಲಾರಿಯಿಂದ ಕಿತ್ತಿಟ್ಟಿದ್ದ ಸವೆದ ನಾಜಲ್‌ಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ, ಹೊಳಪು ಬರಿಸಿ, ಎಣ್ಣೆ ಕಾಗದದಲ್ಲಿ ಸುತ್ತಿಡಬೇಕಿತ್ತು.

ಜಾಂಬಣ್ಣ ಲಾರಿಯಲ್ಲಿ ಒಬ್ಬನೇ ಕೂತ. ನಾಳೆಯಿಂದ ಈ ಸದ್ದು ಬೇರೆಯಾಗುತ್ತದೆ ಅನ್ನಿಸಿತು. ಕೊನೆಯ ಸಲ ಕೇಳಿಬಿಡೋಣ ಅಂತ ಎಂಜಿನ್ ಶುರು ಮಾಡಿದ. ಹೊಗೆಯೇನೋ ಬಂತು. ಆದರೆ ಒಳಗಿನ ಮಿಡಿತ ಮಾತ್ರ ಒಂದರ ಹಿಂದೆ ಒಂದು ಸರಿಯಾಗಿಯೇ ಬೀಳುತ್ತಿತ್ತು. ದಾರಿಯುದ್ದಕ್ಕೂ ಇದನ್ನೇ ಕೇಳಿಕೊಂಡು ಬಂದವನು ಅವನು. ಇದು ಸತ್ತಿದೆ ಅಂದರೆ ಕಿವಿ ಒಪ್ಪುತ್ತಿಲ್ಲ.

ಯೋಚಿಸುತ್ತ ಅವನು ತನ್ನ ತೊಡೆಯನ್ನೇ ಚಿವುಟಿಕೊಂಡ. ಬೆಚ್ಚಿದ. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ಮರದ ತುಂಡನ್ನು ಚಿವುಟಿ ನೋಡಿದ. ಅದು ಬೆಚ್ಚಲಿಲ್ಲ.

"ಅಯ್ಯೋ!" ಅಂದ. "ಸತ್ತದ್ದನ್ನ ಚಿವುಟಿದ್ರೆ ಅದು ಬೆಚ್ಚುತ್ತಾ? ನಟ್ಟು ಸಡಿಲಿಸಿ ಡೀಸೆಲ್ ತಪ್ಪಿಸಿದಾಗ ನಾಲ್ಕು ಸಲಾನೂ ಎಂಜಿನ್ ಬೆಚ್ಚಿತು. ಅಂದ್ರೆ ನಾಲ್ಕೂ ಬದುಕಿವೆ!"

ಹಾಗಾದರೆ ಈ ಹೊಗೆ ಎಲ್ಲಿಯದು? ಮೇಸ್ತ್ರಿಗೆ ತಪ್ಪಿರಬಹುದು ಅಂದುಕೊಂಡ. ಅಣ್ಣಾ ಅಂದವನು ಸುಳ್ಳು ಹೇಳಿದ ಅಂತ ನಂಬಲು ಅವನ ಮನಸ್ಸು ಸಿದ್ಧವಿರಲಿಲ್ಲ. ಬೇಸರವಾದಾಗ ಮಾಡುವ ಹಾಗೆ ಕಿಟಕಿಯಿಂದ ಕೈ ಚಾಚಿ ಬಟ್ಟೆಗಳನ್ನು ಸವರಿದ. ಕೈ ಅಲ್ಲೇ ನಿಂತಿತು. ಮೊದಲೆಲ್ಲ ಇಲ್ಲಿ ಅಂಗೈ ಇಟ್ಟರೆ ಕೊಳವೆ ಸುಯ್ಯೆಂದು ಗಾಳಿ ಎಳೆಯುತ್ತಿತ್ತು, ಬಟ್ಟೆಯ ತುದಿ ಪಟಪಟ ಅನ್ನುತ್ತಿತ್ತು. ಈಗ ಒಂದು ಎಳೆಯೂ ಅಲುಗಲಿಲ್ಲ. ಧೂಳು ಮಳೆ ಬಿಸಿಲು ಸೇರಿ ಬಟ್ಟೆಗಳೆಲ್ಲ ಗಾರೆಯ ಹಾಗೆ ಗಟ್ಟಿಯಾಗಿದ್ದವು.

ಜಾಂಬಣ್ಣ ಆ ಮುದ್ದೆಗೆ ಉಗುರು ಹಾಕಿದ. ಮುಳ್ಳುಹಂದಿಯದು ಹರಿದು ಬಂತು. ಮೊಲದ ಮನೆಯವರದು ಪುಡಿಯಾಯಿತು. ಆಮೆಯ ಗಂಟನ್ನು ಬಿಚ್ಚಲು ನೋಡಿದ, ಆಗಲಿಲ್ಲ. ಕಣ್ಣು ಮುಚ್ಚಿ ಕಿತ್ತ. ಕಟ್ಟಿದವರು ಇದನ್ನು ನೀರಿಗೆ ಬಿಡು ಅಂದಿದ್ದರು. ಬಿಡಲಾರದೆ ಇಟ್ಟುಕೊಂಡು ತಾನೇ ಲಾರಿಯ ಮೂಗು ಮುಚ್ಚಿದ್ದ; ಗಾಳಿ ಸಿಗದ ಡೀಸೆಲ್ ಅರೆಬೆಂದು ಹೊಗೆಯಾಗುತ್ತಿತ್ತು. ಕೊನೆಯ ಮುದ್ದೆ ಕೈಗೆ ಬಂದ ಕೂಡಲೇ ಲಾರಿ ನೀಳವಾಗಿ ಉಸಿರೆಳೆದುಕೊಂಡಿತು. ಎಂಜಿನ್ ನಿಲ್ಲಿಸಿ, ಗಾಳಿ ಸೋಸುವ ಏರ್ ಫಿಲ್ಟರ್ ಬಿಚ್ಚಿ, ಮರಕ್ಕೆ ಬಡಿದು ಧೂಳು ಕೊಡವಿ ಮತ್ತೆ ಕೂರಿಸಿದ. ಇನ್ನೊಮ್ಮೆ ಶುರು ಮಾಡಿದಾಗ ಹೊಗೆ ಇರಲಿಲ್ಲ.

ಬೆಳಿಗ್ಗೆ ಗಿರಿಜವ್ವ ತಾನೇ ವಿಚಾರಿಸಲು ಬಂದಳು. ಜೊತೆಗೆ ಕೋತಿ, ಮೊಲ, ಮುಳ್ಳುಹಂದಿ ಎಲ್ಲ ಬಂದವು. ಪರಮೇಶಿ ಎಣ್ಣೆ ಕಾಗದದ ಪೊಟ್ಟಣ ಹಿಡಿದು ಮುಂದೆ ನಿಂತ.

"ಅವ್ವಾ, ಅಣ್ಣನ ನಾಜಲ್ ನಾಲ್ಕೂ ಸತ್ತಿವೆ. ಹೊಸದು ಹಾಕಿಕೊಡ್ತಿದೀನಿ. ಇನ್ನು ಹೊಗೆ ಅನ್ನೋ ಮಾತೇ ಇಲ್ಲ."

"ತಡಿ ಪರಮೇಶಿ" ಅಂತ ಜಾಂಬಣ್ಣ ಎಂಜಿನ್ ಶುರು ಮಾಡಿದ. ಲಾರಿ ಹಿಂದೆ ತಿಳಿ ಗಾಳಿ. ಕೋತಿ ಲಾರಿಯ ಹೊಗೆ ಕೊಳವೆಯ ಹತ್ತಿರ ಮೂಗಿಟ್ಟು ನೋಡಿ, "ಕೆಮ್ಮು ಬರ್ತಾನೇ ಇಲ್ಲ!" ಅಂದಿತು.

ಪರಮೇಶಿಯ ಮುಖ ಸಪ್ಪಗಾಯಿತು. ಆದರೂ ಬಿಡಲಿಲ್ಲ. "ಇವತ್ತು ಬರ್ಲಿಲ್ಲ ಅಷ್ಟೆ. ನಾಳೆ ಬಂದೇ ಬರುತ್ತೆ. ಹೊಸದು ಹಾಕಿಸ್ಕೊಂಡುಬಿಡು ಅಣ್ಣಾ."

"ನನಗೆ ಬೇಡ ಪರಮೇಶಿ" ಅಂದ ಜಾಂಬಣ್ಣ. ಅವನ ದನಿಯಲ್ಲಿ ಕುಹಕ ಇರಲಿಲ್ಲ, ಆಸೆ ಇತ್ತು. "ಹೊಸದು ಅಂದ್ಯಲ್ಲ, ಅದನ್ನ ನಿನ್ನ ಲಾರಿಗೇ ಹಾಕು. ನಿಂದೂ ಓಡ್ಲಿ. ಮುಂದೆ ನೀನು, ಹಿಂದೆ ನಾನು. ದಾರೀಲಿ ನನಗೂ ಒಂದು ಜೊತೆ ಆಗುತ್ತೆ."

"ಒಳ್ಳೇ ಮಾತು. ಹಾಕು ಪರಮೇಶಿ, ನಾವೂ ನೋಡ್ತೀವಿ" ಅಂದಳು ಗಿರಿಜವ್ವ.

ಹಾಕುವುದಿಲ್ಲ ಅನ್ನಲು ಬಾಯಿಲ್ಲ. ಹಾಕಿದರೆ ಗುಟ್ಟು ಉಳಿಯುವುದಿಲ್ಲ. ಪರಮೇಶಿ ಸೊಂಟ ಹಿಡಿದಿದೆ ಅಂದ, ಸ್ಪ್ಯಾನರ್ ಸಿಗುತ್ತಿಲ್ಲ ಅಂದ. ಕೋತಿ ಸ್ಪ್ಯಾನರ್ ಹುಡುಕಿ ತಂದು ಕೈಗೇ ಕೊಟ್ಟಿತು. ನಾಲ್ಕನ್ನೂ ಕೂರಿಸಿ, ದೇವರೇ ಗತಿ ಅಂತ ಎಂಜಿನ್ ಶುರು ಮಾಡಿದ. ಲಾರಿ ಕಟಕಟ ಹಲ್ಲು ಕಡಿಯಿತು. ಮೈಯೆಲ್ಲ ನಡುಗಿಸಿ ಒಂದು ದೊಡ್ಡ ಹೊಗೆಯ ಮೋಡವನ್ನು ಕಕ್ಕಿತು. ಅದು ನೇರ ಗಿರಿಜವ್ವನ ಸೊಂಡಿಲಿಗೇ ನುಗ್ಗಿತು. ಅವಳು ಸೀನಿದ ರಭಸಕ್ಕೆ ಗ್ಯಾರೇಜಿನ ತಗಡು ಹಾರಿಹೋಯಿತು.

"ಹೊಸದಲ್ವಾ ಅವ್ವಾ, ಸ್ವಲ್ಪ ಒಗ್ಗಬೇಕು..." ಅಂತ ಪರಮೇಶಿ ತೊದಲಿದ.

ಗಿರಿಜವ್ವ ಎಣ್ಣೆ ಕಾಗದವನ್ನು ಎತ್ತಿ ಮೂಸಿದಳು. "ಹೊಸ ಸಾಮಾನಿಗೆ ಹುಣಸೆಹುಳಿ ವಾಸನೆ ಯಾಕೋ?"

ಎಲ್ಲರೂ ನಿಂತ ಲಾರಿಯನ್ನು ನೋಡಿದರು, ಓಡುವ ಲಾರಿಯನ್ನು ನೋಡಿದರು. ಸವೆದದ್ದನ್ನು ಕೊಟ್ಟು ಒಳ್ಳೆಯದನ್ನು ಹೊಡೆಯುವ ಪರಮೇಶಿಯ ಆಟವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮೊಲ ಕೂಡ ಹಲ್ಲು ಕಿರಿಯಿತು. ಇನ್ನು ಮುಂದೆ ಕಾಡಿನ ಯಾವ ಗಾಡಿಯೂ ಪರಮೇಶಿಯ ಕೈಗೆ ಹೋಗಬಾರದು, ಅವನ ಗ್ಯಾರೇಜು ಹೊಳೆಯಾಚೆ ಇರಬೇಕು ಅಂತ ಗಿರಿಜವ್ವ ಅಪ್ಪಣೆ ಮಾಡಿದಳು. ಪರಮೇಶಿ ಕಿವಿ ಮಡಿಸಿಕೊಂಡು ತಗಡು ಆರಿಸತೊಡಗಿದ.

ಎಲ್ಲರೂ ಹೋದ ಮೇಲೆ ಜಾಂಬಣ್ಣ ಅವನ ಹತ್ತಿರ ಬಂದ. ಬೈಯಲಿಲ್ಲ.

"ನಾಜಲ್ ಮಾತು ಹಾಳಾಗಿಹೋಗ್ಲಿ ಪರಮೇಶಿ. ಅಣ್ಣಾ ಅಂದ್ಯಲ್ಲ, ಅದಾದ್ರೂ ನಿಜವೇನೋ?"

ಪರಮೇಶಿ ಇನ್ನೊಂದು ತಗಡು ಎತ್ತಿಕೊಂಡು ಆಚೆ ನಡೆದ. ಜಾಂಬಣ್ಣ ಲಾರಿ ಹತ್ತಿ ಗೇರು ಹಾಕಿದ. ಘಾಟಿ ಏರುವಾಗ ಹಿಂದೆ ಹೊಗೆ ಇರಲಿಲ್ಲ, ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ.

ನೀತಿ: ನಿನ್ನ ವಸ್ತುವಿನ ಮೇಲೆ ಕಣ್ಣಿಟ್ಟವನು ಅದು ಕೆಟ್ಟಿದೆ ಎಂದರೆ ನಂಬಬೇಡ; ಸವಿಮಾತಿಗೆ ಸೋತು ಒಳ್ಳೆಯದನ್ನು ಕಿತ್ತುಕೊಡುವ ಮೊದಲು, ಉಸಿರು ಎಲ್ಲಿ ಕಟ್ಟಿದೆ ಎಂದು ನೀನೇ ಕೈಯಿಟ್ಟು ನೋಡು.