ಎಡಗಡೆಯ ಚಕ್ರ

ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ದಾದಾಪೀರ್ ಎಂಬ ಮೆಕ್ಯಾನಿಕ್ ಇದ್ದರು. ಮೂವತ್ತು ವರ್ಷದಿಂದ ಅದೇ ತಗಡಿನ ಶೆಡ್ಡು, ಪಳಗಿದ ಕೈ. ಆದರೆ ವಯಸ್ಸು ಅರವತ್ತರ ಹತ್ತಿರ ಬಂದಿತ್ತು. ಕೂತರೆ ಏಳಲು ಮಂಡಿ ಬಿಡುತ್ತಿರಲಿಲ್ಲ. ಬೆಳಿಗ್ಗೆ ಶಟರ್ ಎತ್ತುವಾಗಲೇ ಸಂಜೆ ಯಾವಾಗ ಆಗುತ್ತದೋ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಪಂಕಜಾಕ್ಷಿ ತಮ್ಮ ಹಳೆಯ ಕಾರನ್ನು ಮೂರನೇ ಸಲ ಅಲ್ಲಿಗೆ ತಂದು ನಿಲ್ಲಿಸಿದರು. ಆಕೆ ನಿವೃತ್ತ ನರ್ಸ್. ಅಕ್ಕ ಸರಸಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಅಕ್ಕನನ್ನು ಮುಂದಿನ ಸೀಟಿನಲ್ಲಿ ಒರಗಿಸಿ, ಚಿತ್ರದುರ್ಗಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ಬೇರೆ ಯಾರೂ ಇರಲಿಲ್ಲ.

ಕಾರಿನ ತೊಂದರೆ ಒಂದೇ. ಓಡುತ್ತಾ ಓಡುತ್ತಾ ಅದು ಭಾರವಾಗುತ್ತಿತ್ತು. ಬ್ರೇಕ್ ಮುಟ್ಟದಿದ್ದರೂ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ. ನಿಲ್ಲಿಸಿದರೆ ಸುಟ್ಟ ವಾಸನೆ. ಮೊದಲ ಸಲ ದಾದಾಪೀರ್ ಮುಂದಿನ ಎರಡೂ ಚಕ್ರಗಳ ಬ್ರೇಕ್ ಪ್ಯಾಡ್ ಬದಲಿಸಿದ್ದರು. ಎರಡನೇ ಸಲ ಎಲ್ಲ ಬಿಚ್ಚಿ, ತುಕ್ಕು ಉಜ್ಜಿ, ಗ್ರೀಸ್ ಹಚ್ಚಿ ಕೊಟ್ಟಿದ್ದರು. ಕೊಡುವಾಗ ಒಂದು ಮಾತು ಸೇರಿಸಿದ್ದರು: "ನೀವು ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರೇನೋ ಸಿಸ್ಟರಮ್ಮ. ಸ್ವಲ್ಪ ನೋಡ್ಕೊಳ್ಳಿ."

ಈಗ ಮತ್ತೆ ಅದೇ ಕಾರು. ದಾದಾಪೀರ್ ಬೆಳಗಿನಿಂದ ಒಂದು ಜೀಪಿನ ಕೆಳಗೆ ಮಲಗಿದ್ದರು. ಮಲಗಿದ್ದಲ್ಲಿಂದಲೇ ಕೇಳಿದರು.

"ಮತ್ತೆ ಅದೇನಾ?"

"ಅದೇ ಸಾಬ್ರೆ. ಇವತ್ತು ಊರಿಂದ ಇಲ್ಲಿಗೆ ಬರೋಷ್ಟರಲ್ಲೇ ಎಳೀತಾ ಇದೆ."

ದಾದಾಪೀರ್ ಏಳಲಿಲ್ಲ. "ನಾನು ಮಾಡೋದೆಲ್ಲ ಮಾಡಿದೀನಿ. ಗಾಡೀಲಿ ಇನ್ನೇನೂ ಇಲ್ಲ. ನಿಮ್ಮ ಕಾಲಿಂದೇ ತೊಂದರೆ" ಅಂದುಬಿಟ್ಟರು.

ಪಂಕಜಾಕ್ಷಿ ವಾದ ಮಾಡಲಿಲ್ಲ. ವಾದ ಮಾಡುವ ಶಕ್ತಿ ಆಕೆಗೂ ಇರಲಿಲ್ಲ. "ಇರಬಹುದು. ಎರಡು ಗಂಟೆಗೆ ಅಕ್ಕನ ಸರದಿ ಇದೆ, ಹೊರಡ್ತೀನಿ" ಅಂದು ಕಾರಿನತ್ತ ತಿರುಗಿದರು.

ಆಗ ಸೀಟಿನಲ್ಲಿ ಒರಗಿದ್ದ ಸರಸಮ್ಮ ಏನೋ ಹೇಳಿದರು. ದನಿ ಸಣ್ಣದು. ಕೇಳಿಸಿಕೊಳ್ಳಲು ದಾದಾಪೀರ್ ಜೀಪಿನ ಕೆಳಗಿನಿಂದ ತಲೆ ಹೊರಗೆ ಹಾಕಬೇಕಾಯಿತು.

"ಸಾಬ್ರೆ, ವಾಸನೆ ಎಲ್ಲ ನನ್ನ ಕಡೆಯಿಂದ ಬರುತ್ತೆ. ಅವಳ ಕಡೆಯಿಂದ ಬರಲ್ಲ."

"ಮೊದಲೇ ಯಾಕೆ ಹೇಳಲಿಲ್ಲಮ್ಮ?"

"ಯಾರೂ ಕೇಳಲಿಲ್ಲ."

ಕಾಲು ಬ್ರೇಕಿನ ಮೇಲಿದ್ದರೆ ಎಡ ಬಲ ಎರಡೂ ಚಕ್ರ ಸಮನಾಗಿ ಬಿಸಿಯಾಗಬೇಕು. ಒಂದೇ ಕಡೆ ಕಾದರೆ ಅದು ಕಾಲಿನ ತಪ್ಪಲ್ಲ. ಇದು ದಾದಾಪೀರ್‌ಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಚಕ್ರ ಮುಟ್ಟಿ ನೋಡುವ ಮೊದಲೇ ಬಾಯಿ ಮಾತಾಡಿತ್ತು.

ಇವತ್ತೊಂದು ದಿನ ಹೋಗಿ ಬರಲಿ, ನಾಳೆ ನೋಡೋಣ ಅಂತ ಒಂದು ಗಳಿಗೆ ಅನ್ನಿಸಿತು. ಮಂಡಿಯೂ ಅದನ್ನೇ ಹೇಳುತ್ತಿತ್ತು. ಆದರೆ ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಸಾಲಾಗಿ ನುಗ್ಗುತ್ತಿದ್ದವು. ಜೀಪಿನ ಬಂಪರ್ ಹಿಡಿದು ಎದ್ದರು. ಚೊಂಬಿನಲ್ಲಿ ನೀರು ತಂದು ಬಲಚಕ್ರದ ಮೇಲೆ ಸುರಿದರು. ನೀರು ಸುಮ್ಮನೆ ಇಳಿದುಹೋಯಿತು. ಎಡಚಕ್ರದ ಮೇಲೆ ಸುರಿದರೆ ಚುಂಯ್ ಅಂತ ಆವಿ ಎದ್ದಿತು.

"ಈ ಗಾಡಿ ಹೆದ್ದಾರಿಗೆ ಹೋಗಬಾರದು ಸಿಸ್ಟರಮ್ಮ. ಕಾದು ಕಾದು ಬ್ರೇಕ್ ಎಣ್ಣೆ ಕುದಿದರೆ, ಬೇಕಾದಾಗ ಬ್ರೇಕ್ ಹಿಡಿಯೋದೇ ಇಲ್ಲ."

"ಹಾಗಾದ್ರೆ ಅಕ್ಕ?"

ದಾದಾಪೀರ್ ಶಟರ್ ಎಳೆದರು. ತಮ್ಮ ವ್ಯಾನ್ ತಂದರು. ಇಬ್ಬರೂ ಸೇರಿ ಸರಸಮ್ಮನನ್ನು ಅದರೊಳಗೆ ಕೂರಿಸಿದರು. ಜೀಪಿನವರು ಬೈಯಬಹುದು, ಬೈಯಲಿ ಅಂದುಕೊಂಡು ಅಕ್ಕತಂಗಿಯರನ್ನು ಚಿತ್ರದುರ್ಗದಲ್ಲಿ ಬಿಟ್ಟು ಒಬ್ಬರೇ ವಾಪಸ್ ಬಂದರು.

ಬಂದವರೇ ಕಾರಿನ ಎಡಚಕ್ರವನ್ನು ಜ್ಯಾಕ್ ಕೊಟ್ಟು ಎತ್ತಿದರು. ನಾಲ್ಕಾರು ಸಲ ಬ್ರೇಕ್ ಒತ್ತಿ ಬಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸಲು ನೋಡಿದರು. ಅದು ಅಲ್ಲಾಡಲಿಲ್ಲ. ಚಕ್ರದ ಹಿಂದೆ ಎಣ್ಣೆ ಹೊರಬಿಡುವ ಸಣ್ಣ ಸ್ಕ್ರೂ ಸಡಿಲಿಸಿದರು. ಎಣ್ಣೆ ಚಿಮ್ಮಿತು, ಚಕ್ರ ಹಗುರವಾಗಿ ತಿರುಗಿತು. ಅಂದರೆ ಒತ್ತಿದಾಗ ಹೋದ ಎಣ್ಣೆ ಬಿಟ್ಟಾಗ ವಾಪಸ್ ಬರುತ್ತಿರಲಿಲ್ಲ. ಅದು ಬರುವ ದಾರಿಯಲ್ಲಿ ಗೇಣುದ್ದದ ಒಂದು ರಬ್ಬರ್ ಪೈಪ್ ಇತ್ತು. ಬಿಚ್ಚಿ ಚಾಕುವಿನಿಂದ ಸೀಳಿದರು. ಹೊರಗೆ ನೋಡಲು ಚೆನ್ನಾಗಿಯೇ ಇತ್ತು. ಒಳಗೆ ಊದಿಕೊಂಡು, ಸೂಜಿ ಹೋಗುವಷ್ಟೂ ಜಾಗ ಉಳಿದಿರಲಿಲ್ಲ. ಎರಡು ಸಲವೂ ಅವರ ಕೈ ಅದರ ಪಕ್ಕದಲ್ಲೇ ಓಡಾಡಿತ್ತು.

ಎರಡೂ ಕಡೆ ಹೊಸ ಪೈಪ್ ಹಾಕಿ, ಹೊಸ ಎಣ್ಣೆ ತುಂಬಿ, ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದರು. ಹೆದ್ದಾರಿಯಲ್ಲಿ ಹತ್ತು ಮೈಲಿ ಓಡಿಸಿ, ಇಳಿದು ಚಕ್ರದ ಹತ್ತಿರ ಕೈ ಹಿಡಿದರು. ಎರಡರ ಬಿಸಿಯೂ ಒಂದೇ ಹದ.

ಸಂಜೆ ಅಕ್ಕತಂಗಿಯರನ್ನು ಕರೆತಂದರು. ಸರಸಮ್ಮ ವ್ಯಾನಿನಲ್ಲೇ ನಿದ್ದೆ ಹೋಗಿದ್ದರು. ದಾದಾಪೀರ್ ಸೀಳಿದ ಪೈಪನ್ನು ಪಂಕಜಾಕ್ಷಿಯ ಕೈಗೆ ಕೊಟ್ಟರು.

"ನಿಮ್ಮ ಕಾಲಿನ ತಪ್ಪಲ್ಲ. ನಾನು ನೋಡದೆ ಹೇಳಿಬಿಟ್ಟೆ. ಸುಸ್ತಾಗಿತ್ತು. ಆದರೂ ಹೇಳಬಾರದಿತ್ತು."

ಪಂಕಜಾಕ್ಷಿ ಪೈಪಿನ ಸೀಳನ್ನು ಬೆರಳಿನಿಂದ ಬಿಡಿಸಿ ನೋಡಿದರು.

"ಎರಡು ವಾರ ಕಾಲನ್ನ ಹಿಂದಕ್ಕೆ ಮಡಚ್ಕೊಂಡೇ ಓಡಿಸಿದೆ ಸಾಬ್ರೆ. ಆದರೂ ಎಳೀತಿತ್ತು. ನನಗೇ ಗೊತ್ತಿಲ್ಲದೆ ಒತ್ತುತೀನೇನೋ, ಇನ್ನು ನನ್ನ ಕೈಲಿ ಓಡಿಸೋಕಾಗಲ್ಲವೇನೋ ಅಂದ್ಕೊಂಡೆ. ಭಾನುವಾರ ಕಾರು ಕೊಳ್ಳೋರು ನೋಡೋಕೆ ಬರೋರಿದ್ರು. ಬರಬೇಡಿ ಅಂತ ಹೇಳ್ತೀನಿ."

ದಾದಾಪೀರ್ ಸರಸಮ್ಮನನ್ನು ಎಬ್ಬಿಸಿ, ಕೈಹಿಡಿದು ಕಾರಿಗೆ ಹತ್ತಿಸಿದರು.

ನೀತಿ: ದಣಿದವನಿಗೆ ಎದುರಿನವರ ತಪ್ಪು ಬೇಗ ಕಾಣುತ್ತದೆ, ತನ್ನ ತಪ್ಪು ತಡವಾಗಿ ಕಾಣುತ್ತದೆ. ಸುಸ್ತಾಗಿದ್ದರೆ 'ಇವತ್ತು ಆಗದು' ಎನ್ನಬಹುದು. ಆದರೆ ಮುಟ್ಟಿ ನೋಡದೆ, ಕೇಳಿ ತಿಳಿಯದೆ ಯಾರ ಮೇಲೂ ತಪ್ಪು ಹೊರಿಸಬಾರದು. ನಾವು ಸುಮ್ಮನೆ ಆಡಿದ ಮಾತನ್ನು ಇನ್ನೊಬ್ಬರು ನಿಜವೆಂದು ನಂಬಿ ಹೊತ್ತುಕೊಂಡು ತಿರುಗುತ್ತಾರೆ.